ಗಣಕಯಂತ್ರವೂ ಕನ್ನಡದ ಕಾಗುಣಿತವೂ

ಶಿಕಾರಿಪುರ ತಾಲ್ಲೂಕಿನ ಈಸೂರಿನ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿಗಳು ವಿರಳ. 1942ರ 'ಭಾರತ ಬಿಟ್ಟು ತೊಲಗಿ' ಚಳವಳಿಯ ಕಾಲದಲ್ಲಿ ಈ ಹಳ್ಳಿಯ ಜನರು ತಮ್ಮ ಊರು ಸ್ವತಂತ್ರವೆಂದು ಸಾರಿ, ತಮ್ಮದೇ ಆದ ಆಡಳಿತವನ್ನು ನಡೆಸಲು ಮುಂದಾದರು. ಆ ಬಳಿಕ ನಡೆದ ಘರ್ಷಣೆಯ ಫಲವಾಗಿ 1943ರ ಮಾರ್ಚ್ ತಿಂಗಳಿನಲ್ಲಿ ಐವರು ಗಲ್ಲಿಗೇರಿದರು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಅವರ ಘೋಷಣೆ ಇಂದಿಗೂ ಜನರ ನಾಲಗೆಯ ಮೇಲಿದೆ. ಏಸೂರು ಎಂದರೆ ಎಷ್ಟೋ ಊರುಗಳು. ಈಸೂರು ಎಂದರೆ ಇದೊಂದೇ ಊರು. ಆ ಮಾತಿನ ಬಲವೆಲ್ಲ ಏ, ಈ ಎಂಬ ಎರಡು ಸ್ವರಗಳ ನಡುವಣ ಅಂತರದಲ್ಲಿ ಅಡಗಿದೆ.

ಈ ಘೋಷಣೆಯನ್ನು ನಮ್ಮ ವಿದ್ಯಾರ್ಥಿಗಳು ದೂರವಾಣಿಯ ಮೇಲೆ ಬರೆಯುವ ಹಾಗೆ ರೋಮನ್ ಲಿಪಿಯಲ್ಲಿ ಬರೆದು ನೋಡಿರಿ. ಏ ಎಂಬುದಕ್ಕೂ ಈ ಎಂಬುದಕ್ಕೂ ಅವರು ಬಳಸುವುದು ಬಹುಮಟ್ಟಿಗೆ ಒಂದೇ ಅಕ್ಷರವನ್ನು. ಬರೆದು ಮುಗಿಸುವಷ್ಟರಲ್ಲಿ ಏಸೂರೂ ಈಸೂರೂ ಒಂದೇ ಆಗಿಬಿಡುತ್ತವೆ. ಘೋಷಣೆಗೆ ಅರ್ಥವೇ ಉಳಿಯುವುದಿಲ್ಲ. ನಾವು ಇಲ್ಲಿ ಇತಿಹಾಸವನ್ನು ಹೇಳಹೊರಟಿಲ್ಲ. ಒಂದು ಸ್ವರದ ಬೆಲೆ ಎಷ್ಟೆಂಬುದನ್ನೂ, ಗಣಕಯಂತ್ರದ ಮುಂದೆ ಕುಳಿತಾಗ ಆ ಬೆಲೆಯನ್ನು ಕಾಪಾಡುವ ಹೊಣೆ ಯಾರದೆಂಬುದನ್ನೂ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಈ ವಿಚಾರ ನಮಗೆ ಹೊಳೆದದ್ದು ನಾವೇ ಮಾಡಿದ ಒಂದು ತಪ್ಪಿನಿಂದ.

ನಾವು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವವರು. ಪ್ರಯೋಗಶಾಲೆಯ ಲೆಕ್ಕಗಳಿಗೂ ಕಚೇರಿಯ ಪಟ್ಟಿಗಳಿಗೂ ಬೇಕಾದ ಸಣ್ಣಪುಟ್ಟ ಕ್ರಮವಿಧಿಗಳನ್ನು ಬರೆದುಕೊಡುವ ಕೆಲಸವೂ ನಮ್ಮ ಪಾಲಿಗೆ ಬಂದಿದೆ. ಒಮ್ಮೆ ಬಸ್ಸಿನ ರಿಯಾಯಿತಿ ಚೀಟಿಗಳಿಗಾಗಿ ವಿದ್ಯಾರ್ಥಿಗಳ ಪಟ್ಟಿಯನ್ನು ತಾಲ್ಲೂಕುವಾರು ವಿಂಗಡಿಸಬೇಕಾಯಿತು. ಮೂಲ ಪಟ್ಟಿ ಹಳೆಯ ಬಗೆಯ ಕನ್ನಡ ಅಕ್ಷರಗಳಲ್ಲಿತ್ತು. ಅದನ್ನು ಈಗ ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಗೆ ಪರಿವರ್ತಿಸುವ ಕ್ರಮವಿಧಿಯನ್ನು ನಾವೇ ಬರೆದೆವು. ಪರದೆಯ ಮೇಲೆ ಪಟ್ಟಿ ಅಚ್ಚುಕಟ್ಟಾಗಿ ಮೂಡಿತು, ಒಂದಕ್ಷರವೂ ತಪ್ಪಿರಲಿಲ್ಲ. ಬಳಿಕ ಒಂದೊಂದು ತಾಲ್ಲೂಕಿನ ಹೆಸರನ್ನೂ ಬೆರಳಚ್ಚಿಸಿ, ಎಷ್ಟು ಮಂದಿ ಇದ್ದಾರೆಂದು ಯಂತ್ರವನ್ನು ಕೇಳಿದೆವು. ಅದು ಕೊಟ್ಟ ಪಟ್ಟಿಯನ್ನು ನೋಡದೆಯೇ ಗೋಡೆಗೆ ಅಂಟಿಸಿದೆವು.

ಮರುದಿನ ಸೊರಬದ ಕಡೆಯ ವಿದ್ಯಾರ್ಥಿನಿಯೊಬ್ಬಳು ಬಂದು, ತನ್ನ ಹೆಸರು ಪಟ್ಟಿಯಲ್ಲಿ ಇಲ್ಲವೆಂದಳು. ನೋಡಿದರೆ, ಸೊರಬದ ಮುಂದೆ ಯಂತ್ರವು ಸೊನ್ನೆಯನ್ನು ತೋರಿಸಿತ್ತು. ನೆರೆಯ ತಾಲ್ಲೂಕಿನಿಂದ ನಮ್ಮಲ್ಲಿಗೆ ಒಬ್ಬರೂ ಬರುವುದಿಲ್ಲವೆಂದರೆ ನಂಬುವವರಾರು? ನಾವು ತಡವರಿಸುತ್ತಿರುವುದನ್ನು ಕಂಡು ಆಕೆ ವಿನಯದಿಂದ, "ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಕೊಡಲೇ?" ಎಂದು ಕೇಳಿದಳು. ಹಾಗೆಯೇ ಮಾಡೆಂದು ಹೇಳಿ ಕಳುಹಿಸಿದೆವು. ಆ ದಿನದ ಮಟ್ಟಿಗೆ ಕೆಲಸ ಮುಗಿಯಿತು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ತಪ್ಪು ನಮ್ಮದೋ ಯಂತ್ರದ್ದೋ ತಿಳಿಯದಿದ್ದಾಗ ಆ ಹುಡುಗಿ ತಪ್ಪನ್ನು ತನ್ನ ಭಾಷೆಯ ಮೇಲೆ ಹೊರಿಸಿಕೊಂಡಿದ್ದಳು; ನಾವು ಅದಕ್ಕೆ ತಲೆಯಾಡಿಸಿದ್ದೆವು.

ಆ ಸಂಜೆ ಪಟ್ಟಿಯನ್ನು ಮತ್ತೆ ತೆರೆದೆವು. ಶಿವಮೊಗ್ಗ ಜಿಲ್ಲೆಯಲ್ಲಿ ಏಳು ತಾಲ್ಲೂಕುಗಳಿವೆ. ಶಿಕಾರಿಪುರ, ಸಾಗರ, ಭದ್ರಾವತಿ ಈ ಮೂರನ್ನು ಯಂತ್ರವು ಸರಿಯಾಗಿ ಹುಡುಕಿಕೊಟ್ಟಿತ್ತು. ಸೊರಬ, ಹೊಸನಗರ, ಶಿವಮೊಗ್ಗ, ತೀರ್ಥಹಳ್ಳಿ ಈ ನಾಲ್ಕು ಕಾಣೆಯಾಗಿದ್ದವು. ವಾಚಕರು ಮುಂದೆ ಓದುವ ಮೊದಲು ಈ ಎರಡು ಗುಂಪುಗಳನ್ನು ಕೊಂಚ ಹೊತ್ತು ನೋಡಬೇಕು. ಪ್ರಯೋಗಶಾಲೆಯಲ್ಲಿ ನಾವು ಮಾಡುವುದೂ ಇಷ್ಟೇ ಅಲ್ಲವೆ? ಸರಿಯಾದ ಫಲಗಳನ್ನು ಒಂದು ಕಡೆ, ತಪ್ಪಿದ ಫಲಗಳನ್ನು ಇನ್ನೊಂದು ಕಡೆ ಇಟ್ಟು, ಅವುಗಳ ನಡುವೆ ಏನು ಭೇದವೆಂದು ಹುಡುಕುವುದು. ಸೊ, ಹೊ, ಮೊ: ಮೂರರಲ್ಲಿಯೂ ಒಕಾರವಿದೆ. ತೀರ್ಥಹಳ್ಳಿಯಲ್ಲಿ ಈಕಾರದ ದೀರ್ಘವಿದೆ. ಸಿಕ್ಕಿದ ಮೂರು ಹೆಸರುಗಳಲ್ಲಿ ಇವೆರಡೂ ಇಲ್ಲ. ರೋಗದ ಲಕ್ಷಣ ದೊರಕಿತು. ಇನ್ನು ಕಾರಣ ಬೇಕು.

ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ; ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಯೂನಿಕೋಡ್ ಎಂಬುದು ಜಗತ್ತಿನ ಲಿಪಿಗಳ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದ ಪಟ್ಟಿ. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರಕಿತು. 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲು. ಈಸೂರು ಎಂಬ ಹೆಸರು ನಮ್ಮ ಕಣ್ಣಿಗೆ ಮೂರು ಅಕ್ಷರ: ಈ, ಸೂ, ರು. ಯಂತ್ರಕ್ಕೆ ಅದು ಐದು ಚಿಹ್ನೆ: ಈ 3208, ಸ 3256, ಊಕಾರದ ಗುರುತು 3266, ರ 3248, ಉಕಾರದ ಗುರುತು 3265. ಏಸೂರು ಎಂದು ಬರೆದರೆ ಮೊದಲ ಸಂಖ್ಯೆ 3215 ಆಗುವುದು, ಉಳಿದವು ಅವೇ. ರೋಮನ್ ಲಿಪಿಯಲ್ಲಿ ಕಳೆದುಹೋದ ಭೇದವನ್ನು ಈ ಸಂಖ್ಯೆಗಳು ಚೆನ್ನಾಗಿಯೇ ಕಾಪಾಡುತ್ತವೆ ಎಂಬುದನ್ನು ಗಮನಿಸಬೇಕು.

ಇನ್ನು ಒಕಾರದ ಕಥೆ. ಒಕಾರದ ಗುರುತಿಗೆ 3274 ಎಂಬ ತನ್ನದೇ ಸಂಖ್ಯೆಯುಂಟು. ಆದರೆ ಕನ್ನಡದ ಒಕಾರವನ್ನು ಕೈಯಿಂದ ಬರೆಯುವಾಗ ನಾವು ಎಕಾರದ ಗುರುತನ್ನೂ ಊಕಾರದ ಬಾಲವನ್ನೂ ಜೋಡಿಸುತ್ತೇವೆ. ಯೂನಿಕೋಡ್ ಈ ದಾರಿಯನ್ನೂ ಒಪ್ಪಿಕೊಂಡಿದೆ: 3270, 3266 ಎಂಬ ಎರಡು ಸಂಖ್ಯೆಗಳನ್ನು ಒಂದರ ಮುಂದೊಂದು ಇಟ್ಟರೂ ಪರದೆಯ ಮೇಲೆ ಮೂಡುವುದು ಅದೇ ಒಕಾರ. ಹಾಗೆಯೇ ಈಕಾರವನ್ನು 3264 ಎಂದು ಬರೆಯಬಹುದು. ಇಕಾರದ 3263ರ ಮುಂದೆ ದೀರ್ಘದ 3285ನ್ನು ಇಟ್ಟೂ ಬರೆಯಬಹುದು. ಎರಡೂ ಸಮಾನವೆಂದು ಎಣಿಸಬೇಕೆಂಬುದು ಯೂನಿಕೋಡಿನ ನಿಯಮ. ಹುಡುಕುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವ ವಿಧಾನವೂ ಸಿದ್ಧವಾಗಿದೆ. ಆದರೆ ಆ ವಿಧಾನವನ್ನು ಪ್ರಯೋಗಿಸೆಂದು ಕ್ರಮವಿಧಿಕಾರನು ಹೇಳದಿದ್ದರೆ ಯಂತ್ರವು ಸಂಖ್ಯೆಗೆ ಸಂಖ್ಯೆಯನ್ನು ಹೋಲಿಸಿ, ಇವು ಬೇರೆ ಎಂದುಬಿಡುತ್ತದೆ.

ಹಳೆಯ ಬಗೆಯ ಅಕ್ಷರಗಳಲ್ಲಿ ಶೇಖರವಾಗುತ್ತಿದ್ದುದು ಅಕ್ಷರವಲ್ಲ, ಅಕ್ಷರದ ಆಕಾರದ ತುಂಡುಗಳು. ಇಂಗ್ಲಿಷಿಗೂ ಯೂರೋಪಿನ ಇತರ ಭಾಷೆಗಳಿಗೂ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಚಿತ್ರಿಸಿ ಕೆಲಸ ಸಾಗಿಸುತ್ತಿದ್ದರು. ಅಂಥ ಕಡತವನ್ನು ತಕ್ಕ ಅಕ್ಷರವಿನ್ಯಾಸವಿಲ್ಲದೆ ತೆರೆದರೆ ಕನ್ನಡ ಎಂಬ ಪದವು ಏಳು ವಿಚಿತ್ರ ಗುರುತುಗಳಾಗಿ ಕಾಣುವುದನ್ನು ವಾಚಕರಲ್ಲಿ ಅನೇಕರು ನೋಡಿರಬೇಕು. ಅದರಲ್ಲಿ ನಕಾರದ ಸ್ಥಾನದಲ್ಲಿ ಬ್ರಿಟಿಷರ ಪೌಂಡ್ ನಾಣ್ಯದ ಗುರುತು ಕುಳಿತಿರುತ್ತದೆ! ಅಲ್ಲಿ ಒಕಾರವು ಎಕಾರದ ಗುರುತು, ಬಾಲ ಎಂಬ ಎರಡು ತುಂಡು. ನಮ್ಮ ಪರಿವರ್ತಕವು ತುಂಡಿಗೆ ತುಂಡನ್ನು ಬದಲಾಯಿಸಿ, ಎರಡನ್ನೂ ಹಾಗೆಯೇ ಬಿಟ್ಟಿತ್ತು. ನಾವು ಹುಡುಕಲು ಬೆರಳಚ್ಚಿಸಿದ ಹೆಸರಿನಲ್ಲಾದರೋ ಒಂದೇ ಸಂಖ್ಯೆಯಿತ್ತು. ನಾಲ್ಕು ತಾಲ್ಲೂಕುಗಳು ಕಾಣೆಯಾದದ್ದು ಹೀಗೆ. ಒಂದು ಸಾಲನ್ನು ಸೇರಿಸಿದೊಡನೆ ನಾಲ್ಕೂ ಮರಳಿ ಬಂದವು. ತಪ್ಪು ಕನ್ನಡದ್ದಲ್ಲ, ಯಂತ್ರದ್ದೂ ಅಲ್ಲ, ನಮ್ಮದು.

ಇಂತಹ ತೊಡಕುಗಳು ಒಂದೆರಡಲ್ಲ. ವಿದ್ಯಾರ್ಥಿಗಳು ತಾವೇ ಮಾಡಿನೋಡಬಹುದಾದ ಒಂದು ಪ್ರಯೋಗವನ್ನು ಹೇಳುತ್ತೇವೆ. ಒಂದು ಪದವನ್ನು ಹಿಂದುಮುಂದಾಗಿಸಿ, ಅದು ಮೊದಲಿನಂತೆಯೇ ಇದೆಯೆ ಎಂದು ಪರೀಕ್ಷಿಸುವ ಕ್ರಮವಿಧಿಯನ್ನು ಎಲ್ಲ ಕಾಲೇಜುಗಳಲ್ಲಿಯೂ ಬರೆಸುತ್ತಾರೆ. ಅದಕ್ಕೆ ನಮ್ಮ ವಿಕಟಕವಿ ಎಂಬ ಪದವನ್ನು ಕೊಡಿರಿ. ಎಡದಿಂದಲೂ ಬಲದಿಂದಲೂ ಒಂದೇ ಎಂದು ಮಕ್ಕಳೂ ಬಲ್ಲ ಈ ಪದವನ್ನು ಯಂತ್ರವು ಅಲ್ಲವೆಂದು ತಳ್ಳಿಹಾಕುವುದು. ಅದು ವಿ ಎಂಬ ಅಕ್ಷರವನ್ನು ವ ಮತ್ತು ಇಕಾರದ ಗುರುತು ಎಂದು ಎರಡಾಗಿ ಎಣಿಸಿ ತಿರುಗಿಸಿತು. ಕೊನೆಯ ಅಕ್ಷರದ ಗುಡಿಸು ಪದದ ಮೊದಲಿಗೆ ಬಂದು ಆಸರೆಯಿಲ್ಲದೆ ನಿಂತಿತು; ಮೊದಲಿನ ಗುಡಿಸು ವಕಾರವನ್ನು ಬಿಟ್ಟು ಪಕ್ಕದ ಕಕಾರಕ್ಕೆ ಅಂಟಿತು. ಕ್ರಮವಿಧಿ ತಪ್ಪಿಲ್ಲ, ಅಕ್ಷರವೆಂದರೆ ಏನೆಂದು ಅದನ್ನು ಬರೆದವರು ಯೋಚಿಸಿರಲಿಲ್ಲ. ಅದೇ ಪದವನ್ನು ವಿ, ಕ, ಟ, ಕ, ವಿ ಎಂದು ಬಿಡಿಸಿ ತಿರುಗಿಸಲು ಹೇಳಿಕೊಟ್ಟರೆ ಯಂತ್ರವು ಕೂಡಲೆ ಒಪ್ಪಿಕೊಳ್ಳುವುದು.

ಸ್ಥಳದ ಲೆಕ್ಕವೂ ಹೀಗೆಯೇ. ಯೂನಿಕೋಡನ್ನು ಶೇಖರಿಸುವ ಈಗಿನ ಸಾಮಾನ್ಯ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಈಸೂರು ಎಂದರೆ 15 ಬೈಟ್. ಹಿಂದೊಮ್ಮೆ ನಾವು ಊರಿನ ಹೆಸರಿಗೆ 20 ಬೈಟ್ ಧಾರಾಳವಾಯಿತೆಂದು ತಿಳಿದು ಕೋಷ್ಟಕವೊಂದನ್ನು ಕಟ್ಟಿದ್ದೆವು. ಶಿರಾಳಕೊಪ್ಪಕ್ಕೆ ಬೇಕಾದದ್ದು 30. ಯಂತ್ರವು ಆರು ಚಿಹ್ನೆಗಳನ್ನು ಪೂರ್ತಿಯಾಗಿಯೂ ಏಳನೆಯದನ್ನು ಮೂರರಲ್ಲಿ ಎರಡು ಪಾಲಾಗಿಯೂ ಬರೆದು ನಿಲ್ಲಿಸಿತು. 'ಶಿರಾಳಕ' ಎಂಬ ಹೊಸ ಊರೂ ಅದರ ಬೆನ್ನಿಗೊಂದು ಪ್ರಶ್ನಾರ್ಥಕ ಚಿಹ್ನೆಯೂ ಹುಟ್ಟಿದವು! ದೂರವಾಣಿಯ ಕಿರುಸಂದೇಶದಲ್ಲಿಯೂ ಇದೇ ಗಣಿತ: ಒಂದು ಸಂದೇಶಕ್ಕೆ 140 ಬೈಟ್, ಅಂದರೆ 1120 ಬಿಟ್. ಏಳು ಬಿಟ್ಟಿನ ಇಂಗ್ಲಿಷ್ ಅಕ್ಷರಗಳಾದರೆ 160 ಹಿಡಿಸುತ್ತವೆ. ಹದಿನಾರು ಬಿಟ್ಟಿನ ಕನ್ನಡ ಚಿಹ್ನೆಗಳಾದರೆ 70.

ಅಕಾರಾದಿ ಕ್ರಮದಲ್ಲಿ ಇನ್ನೂ ಸ್ವಾರಸ್ಯವಿದೆ. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಆಚೆ, ಕೊನೆಯಲ್ಲಿ ಬರುತ್ತದೆ. ಆದುದರಿಂದ ನಿಘಂಟಿನ ಕ್ರಮದಲ್ಲಿ ಬಸವಕಲ್ಯಾಣ ಮೊದಲು, ಬಳ್ಳಿಗಾವಿ ಆಮೇಲೆ. ಸಂಖ್ಯೆಯನ್ನೇ ನಂಬಿದ ಯಂತ್ರವು ಬಳ್ಳಿಗಾವಿಯನ್ನು ಮುಂದಿಡುತ್ತದೆ. ಏಕೆಂದರೆ ಲಕಾರ 3250, ಳಕಾರ 3251, ವಕಾರ 3253. ಭಾರತದ ಲಿಪಿಗಳಲ್ಲಿ ಒಂದೇ ಧ್ವನಿಗೆ ಒಂದೇ ಸ್ಥಾನವಿರಲೆಂದು, 1988ರ ಭಾರತೀಯ ಸಂಕೇತಪದ್ಧತಿಯನ್ನು ಅನುಸರಿಸಿ, ಎಲ್ಲಕ್ಕೂ ಒಂದೇ ವಿನ್ಯಾಸವನ್ನು ಇಟ್ಟುಕೊಂಡರು. ಆ ವಿನ್ಯಾಸದಲ್ಲಿ ಳಕಾರ ಲಕಾರದ ನೆರೆಯಲ್ಲಿದೆ. ಅದು ತಪ್ಪೇನೂ ಅಲ್ಲ. ಕನ್ನಡದ ಕ್ರಮದಲ್ಲಿ ಜೋಡಿಸುವ ಬೇರೆ ವಿಧಾನವುಂಟು. ಕ್ರಮವಿಧಿಕಾರನು ಅದನ್ನು ಕೇಳಿ ಪಡೆಯಬೇಕು.

ಮೇಲಿನ ಸಂಖ್ಯೆಗಳಲ್ಲಿ 3252 ಬಿಟ್ಟುಹೋಗಿರುವುದನ್ನು ಚುರುಕಾದ ವಾಚಕರು ಕಂಡಿರಬೇಕು. ಕನ್ನಡದಲ್ಲಿ ಅದು ಖಾಲಿ. ತಮಿಳು, ಮಲಯಾಳಂ ಲಿಪಿಗಳ ಸಾಲಿನಲ್ಲಿ ಅದೇ ಸ್ಥಾನದಲ್ಲಿ ಇರುವುದು ಹಳಗನ್ನಡದ ೞ ಎಂಬ ಅಕ್ಷರಕ್ಕೆ ಸಮಾನವಾದ ಅಕ್ಷರ. ಹಾಗಾದರೆ ನಮ್ಮ ೞ ಎಲ್ಲಿ ಹೋಯಿತು? ಅದು 3294ರಲ್ಲಿ ಕುಳಿತಿದೆ. ದೇವನಾಗರಿಯ ಸಾಲಿನಲ್ಲಿ ಆ ಸ್ಥಾನವು ಇಂಗ್ಲಿಷಿನ ಎಫ್ ಧ್ವನಿಗೆ ಮೀಸಲು. ಪಟ್ಟಿಯಲ್ಲಿ ನಮ್ಮ ೞಕಾರಕ್ಕೆ ಕೊಟ್ಟಿರುವ ಹೆಸರೂ ಆ ಎಫ್ ಧ್ವನಿಯದೇ! ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಯೂನಿಕೋಡಿನ ಕಟ್ಟುನಿಟ್ಟಾದ ನಿಯಮವಾದುದರಿಂದ, ತಪ್ಪು ಹೆಸರನ್ನು ಹಾಗೆಯೇ ಉಳಿಸಿಕೊಂಡು, ಇದು ತಪ್ಪೆಂಬ ಟಿಪ್ಪಣಿಯನ್ನೂ ಸರಿಯಾದ ಪರ್ಯಾಯ ನಾಮವನ್ನೂ ಸೇರಿಸಿದ್ದಾರೆ. ಹಳಗನ್ನಡದಲ್ಲಿ ಬಾೞೆ, ಏೞು ಎಂದು ಬರೆಯುತ್ತಿದ್ದುದನ್ನು ನಾವಿಂದು ಬಾಳೆ, ಏಳು ಎನ್ನುತ್ತೇವೆ. ಶಾಸನಗಳಿಗೆ ಹೆಸರಾದ ಬಳ್ಳಿಗಾವಿಯೂ ತಾಳಗುಂದವೂ ಇರುವುದು ಈಸೂರಿನ ತಾಲ್ಲೂಕಿನಲ್ಲಿಯೇ. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟದಲ್ಲಿ ಈ ತಾಲ್ಲೂಕಿನ ಶಾಸನಗಳಿವೆ. ಈ ಸೀಮೆಯ ಹಳೆಯ ಶಾಸನವೊಂದನ್ನು ಯಂತ್ರಕ್ಕೆ ಊಡಿಸಹೊರಟ ವಿದ್ಯಾರ್ಥಿಯು ಪಟ್ಟಿಯಲ್ಲಿ ೞಕಾರವನ್ನು ಹೆಸರಿನಿಂದ ಹುಡುಕಿದರೆ, ಮುಖ್ಯ ಹೆಸರು ಅವನನ್ನು ದಾರಿ ತಪ್ಪಿಸುವುದು.

ಇಷ್ಟನ್ನು ಕೇಳಿದ ಕೆಲವರು, ಇಷ್ಟೆಲ್ಲ ಗೋಳಿರುವ ಭಾಷೆಯನ್ನು ಯಂತ್ರಕ್ಕೆ ತುರುಕುವುದಕ್ಕಿಂತ ಇಂಗ್ಲಿಷಿನಲ್ಲಿ ಬರೆಯುವುದು ಲೇಸಲ್ಲವೆ ಎನ್ನುವರು. ಈ ವಾದದಲ್ಲಿ ಎರಡು ಕೊರತೆಗಳಿವೆ. ಮೊದಲನೆಯದಾಗಿ, ರೋಮನ್ ಲಿಪಿಯಲ್ಲಿ ನಮ್ಮ ಹೆಸರುಗಳು ನೆಲೆ ನಿಲ್ಲವು. ಈಸೂರನ್ನು ಒಬ್ಬರು ಒಂದು 'ಇ' ಬರೆದು, ಇನ್ನೊಬ್ಬರು ಎರಡು 'ಇ' ಬರೆದು, ಮತ್ತೊಬ್ಬರು 'ಐ' ಬರೆದು ಆರಂಭಿಸುವರು. ಶಿವಮೊಗ್ಗದ ರೋಮನ್ ಕಾಗುಣಿತವನ್ನು ಸರ್ಕಾರವು 2014ರಲ್ಲಿ ಬದಲಾಯಿಸಿತು. ಯಂತ್ರದ ಪಾಲಿಗೆ ಅವು ಎರಡು ಬೇರೆ ಊರುಗಳು. ಕನ್ನಡದಲ್ಲಿ ಶಿವಮೊಗ್ಗವು ಶಿವಮೊಗ್ಗವಾಗಿಯೇ ಇತ್ತು. ಕನ್ನಡದ ಎರಡು ಒಕಾರಗಳನ್ನು ಒಂದು ಸಾಲಿನ ಕ್ರಮವಿಧಿಯಿಂದ ಒಂದುಮಾಡಬಹುದು. ರೋಮನ್ನಿನಲ್ಲಿ ಕಳೆದುಹೋದ ಸ್ವರವನ್ನು ಯಾವ ಸಾಲೂ ನಿಶ್ಚಯವಾಗಿ ಮರಳಿ ತರಲಾರದು.

ಎರಡನೆಯದಾಗಿ, ಇಂಗ್ಲಿಷಿಗೂ ಇಂಥ ತೊಡಕುಗಳಿವೆ. ಅದರ ದೊಡ್ಡ 'ಝಡ್' ಅಕ್ಷರದ ಸಂಖ್ಯೆ 90, ಸಣ್ಣ 'ಎ' ಅಕ್ಷರದ ಸಂಖ್ಯೆ 97. ಸಂಖ್ಯೆಯನ್ನೇ ನಂಬಿದರೆ ದೊಡ್ಡಕ್ಷರದಲ್ಲಿ ಬರೆದ ಜೀಬ್ರಾ ಸಣ್ಣಕ್ಷರದ ಇರುವೆಗಿಂತ ಮುಂದೆ ಬರಬೇಕು. ಹಾಗೆ ಬಂದೊಡನೆ ಇಂಗ್ಲಿಷ್ ಬಲ್ಲ ಯಾವ ಗುಮಾಸ್ತನಿಗೂ ತಪ್ಪು ಕಣ್ಣಿಗೆ ಹೊಡೆಯುವುದು. ಆದಕಾರಣ ಅದನ್ನು ಎಂದೋ ಸರಿಪಡಿಸಿದರು. ಬಳ್ಳಿಗಾವಿಯು ಬಸವಕಲ್ಯಾಣಕ್ಕಿಂತ ಮುಂದೆ ಬಂದದ್ದು ಯಾರ ಕಣ್ಣಿಗೆ ಬೀಳಬೇಕು? ದೂರದೇಶದ ಕ್ರಮವಿಧಿಕಾರನಿಗೆ ಎರಡೂ ಒಂದೇ ಬಗೆಯ ದುಂಡು ಚಿತ್ರಗಳು. ಅವನಲ್ಲಿ ದ್ವೇಷವಿಲ್ಲ, ಅವನಿಗೆ ಕಾಣದು, ಅಷ್ಟೆ. ಭಾಷೆಯ ತಪ್ಪನ್ನು ಕಾಣಬಲ್ಲವರು ಆ ಭಾಷೆಯನ್ನು ಓದಬಲ್ಲವರು ಮಾತ್ರ. ಕನ್ನಡ ಬಲ್ಲ ತರುಣರು ತೊಡಕು ಬಂದಾಗಲೆಲ್ಲ ಇಂಗ್ಲಿಷಿಗೆ ಜಾರಿಕೊಂಡರೆ ತಪ್ಪನ್ನು ಕಾಣುವ ಕಣ್ಣುಗಳೇ ಇಲ್ಲವಾಗುವುವು. ನಮ್ಮ ಮುಖ್ಯ ಅಭಿಪ್ರಾಯ ಇದೇ.

ಕಂಡವರು ಸುಮ್ಮನಿರದ ಉದಾಹರಣೆಗಳು ನಮ್ಮಲ್ಲಿ ಇವೆ. ಕೆ. ಪಿ. ರಾವ್ ಅವರು ಕನ್ನಡದ ಧ್ವನಿಗಳ ತರ್ಕವನ್ನೇ ಅನುಸರಿಸಿ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು: ವ್ಯಂಜನಕ್ಕೊಂದು ಕೀಲಿ, ಸ್ವರಕ್ಕೊಂದು ಕೀಲಿ, ಕೂಡಿದರೆ ಕಾಗುಣಿತ. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ'ವನ್ನು ಹೊರತಂದರು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಸಿದ್ಧಪಡಿಸಿತು. ಇಂದು ನಾವು ಸಲೀಸಾಗಿ ಕನ್ನಡವನ್ನು ಬೆರಳಚ್ಚಿಸುತ್ತಿರುವುದು ಇಂಥವರ ದುಡಿಮೆಯ ಫಲ.

ಇದೆಲ್ಲ ತಜ್ಞರ ಕೆಲಸ, ವಿದ್ಯಾರ್ಥಿಗಳಿಗೆ ಏಕೆ ಎನ್ನುವವರಿಗೆ ಭೌತಶಾಸ್ತ್ರದ ಒಂದು ಪ್ರಸಂಗವನ್ನು ನೆನಪಿಸುತ್ತೇವೆ. ಗಾಳಿಯಿಂದ ಪಡೆದ ನೈಟ್ರೋಜನ್, ರಾಸಾಯನಿಕ ವಸ್ತುಗಳಿಂದ ಪಡೆದ ನೈಟ್ರೋಜನ್‌ಗಿಂತ ಸುಮಾರು ಇನ್ನೂರರಲ್ಲಿ ಒಂದು ಪಾಲು ಹೆಚ್ಚು ತೂಗುವುದನ್ನು ಲಾರ್ಡ್ ರ‍್ಯಾಲೆ ಕಂಡರು. ತಕ್ಕಡಿಯ ತಪ್ಪೆಂದು ಬಿಟ್ಟುಬಿಡಬಹುದಾದಷ್ಟು ಅಲ್ಪ ಅಂತರ ಅದು. ಅವರು ಬಿಡಲಿಲ್ಲ, ವಿಲಿಯಂ ರ‍್ಯಾಮ್ಸೆಯೊಡನೆ ಅದರ ಬೆನ್ನು ಹತ್ತಿದರು. 1894ರಲ್ಲಿ ಆರ್ಗಾನ್ ಎಂಬ ಹೊಸ ಮೂಲವಸ್ತು ಬೆಳಕಿಗೆ ಬಂದಿತು. ಹೊಂದದ ಒಂದು ಅಂಕಿಯನ್ನು ಗೌರವಿಸುವುದು ವಿಜ್ಞಾನದ ಮೊದಲ ಪಾಠ. 'ಸೊರಬ: 0' ಎಂಬುದೂ ಅಂಥದೇ ಅಂಕಿ. ಅದನ್ನು ಬೆನ್ನಟ್ಟಿದರೆ ಆರ್ಗಾನ್ ದೊರೆಯದು. ಆದರೆ ಬೆನ್ನಟ್ಟುವ ಅಭ್ಯಾಸ ದೊರೆಯುವುದು.

ಆದುದರಿಂದ ತರುಣ ವಾಚಕರಲ್ಲಿ ನಮ್ಮ ಸೂಚನೆ ಇಷ್ಟು. ಕನ್ನಡದ ಪದವೊಂದು ಯಂತ್ರದಲ್ಲಿ ತಪ್ಪಿದಾಗ ಅದನ್ನು ಅಳಿಸಿ ಮತ್ತೆ ಬೆರಳಚ್ಚಿಸಬೇಡಿರಿ. ಆ ತಪ್ಪಿದ ಪದವನ್ನೇ ಜೋಪಾನವಾಗಿ ತೆಗೆದಿಡಿರಿ. ಅದರ ಚಿಹ್ನೆಗಳನ್ನು ಒಂದೊಂದಾಗಿ ಬಿಡಿಸಿ ಸಂಖ್ಯೆಗಳನ್ನು ಬರೆಯಿರಿ. ಯಾವ ಕ್ರಮವಿಧಿ ಭಾಷೆಯಲ್ಲಾದರೂ ಇದಕ್ಕೆ ಎರಡು ಮೂರು ಸಾಲು ಸಾಕು. ಎಷ್ಟೋ ವೇಳೆ ಕಣ್ಣಿಗೆ ಕಾಣದ ಚಿಹ್ನೆಯೊಂದು ಅಲ್ಲಿ ಸಿಕ್ಕಿಬೀಳುವುದು: ಅಕ್ಷರಗಳು ಕೂಡದಂತೆ ತಡೆಯುವ 8204, ರ‍್ಯಾಂಕ್ ಎಂಬಲ್ಲಿ ರಕಾರವು ಅರ್ಕಾವೊತ್ತಾಗದಂತೆ ನಿಲ್ಲಿಸುವ 8205. ಪದದ ಕೊನೆಯಲ್ಲಿ 8204 ಅಡಗಿದ್ದರೆ ನೋಟದಲ್ಲಿ ಏನೂ ಭೇದವಿಲ್ಲ, ಹುಡುಕಾಟ ಮಾತ್ರ ವಿಫಲ. ಕಾರಣ ತಿಳಿದ ಮೇಲೆ ಅದನ್ನು ಅತಿ ಚಿಕ್ಕ ಉದಾಹರಣೆಯೊಡನೆ ಆ ಕ್ರಮವಿಧಿಯನ್ನು ರಚಿಸಿದವರಿಗೆ ಬರೆದು ತಿಳಿಸಿರಿ. ನಮ್ಮಂಥ ಅಧ್ಯಾಪಕರಿಗೂ ಒಂದು ಕರ್ತವ್ಯವಿದೆ. ಕ್ರಮವಿಧಿಯ ಅಭ್ಯಾಸಗಳಲ್ಲಿ ಇಂಗ್ಲಿಷ್ ಪದಗಳನ್ನಷ್ಟೇ ಕೊಡದೆ, ವಿಕಟಕವಿಯನ್ನೂ ಏಳು ತಾಲ್ಲೂಕುಗಳ ಹೆಸರನ್ನೂ ಕೊಡಬೇಕು. ಕನ್ನಡದಲ್ಲಿ ಸರಿಯಾಗಿ ನಡೆಯುವ ಕ್ರಮವಿಧಿಯನ್ನು ಬರೆದವನು ಅಕ್ಷರವೆಂದರೇನೆಂಬುದನ್ನು ನಿಜವಾಗಿ ಅರಿತವನು.

ಆ ವಿದ್ಯಾರ್ಥಿನಿಯನ್ನು ಕೆಲವು ದಿನಗಳ ಬಳಿಕ ಕರೆದು, ಆಕೆ ಇಂಗ್ಲಿಷಿನಲ್ಲಿ ಬರೆದಿದ್ದುದನ್ನು ತೆಗೆದುಹಾಕಿ, ಸೊರಬ ಎಂದು ಕನ್ನಡದಲ್ಲಿಯೇ ಬೆರಳಚ್ಚಿಸಲು ಹೇಳಿದೆವು. ಯಂತ್ರವು ಆಕೆಯ ಹೆಸರನ್ನು ತೋರಿಸಿತು. "ಮೊದಲು ಏಕೆ ತೋರಿಸಲಿಲ್ಲ?" ಎಂದು ಆಕೆ ಕೇಳಿದಳು. ಕಪ್ಪು ಹಲಗೆಯ ಮೇಲೆ 3274 ಎಂದು ಬರೆದು, ಅದರ ಪಕ್ಕದಲ್ಲಿ 3270, 3266 ಎಂದು ಬರೆದೆವು. ತರಗತಿಯ ಉಳಿದವರೂ ಬಂದು ಸುತ್ತಲೂ ನಿಂತರು.